ಬಿಳಿ ಅಂಚು ಕತ್ತರಿಸಿದ ವರ್ಷ

ನಾನು ಉಳಿಸಿದ್ದು ಇಪ್ಪತ್ತೆಂಟು ಅಡಿ ಮರ. ಅಡಿಗೆ ಐದು ಡಾಲರಿನಂತೆ ನೂರ ನಲವತ್ತು ಸಿಂಗಪುರ ಡಾಲರು. ಅದಕ್ಕಾಗಿ ಹೋದದ್ದು ಅರವತ್ತೆಂಟು ವರ್ಷದ ಫ್ರೆಂಚ್ ಚಿತ್ರಕಾರರೊಬ್ಬರ ನಾಲ್ಕು ಚಿತ್ರಗಳು, ಅದರ ಜೊತೆಗೆ ಅವರು ತಮ್ಮ ಊರಿನ ಮ್ಯೂಸಿಯಂ ಗೋಡೆ ಹತ್ತುವ ಒಂದೇ ಅವಕಾಶ. ಯಾಕೆ ಹೀಗಾಯಿತು ಎಂದರೆ, ಬಣ್ಣ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೆ ಚಿತ್ರ ಮುಗಿಯಿತು ಎಂದು ನಾನು ತಿಳಿದಿದ್ದೆ. ಚೌಕಟ್ಟು ಹಾಕುವ ನಮ್ಮಂಥವರು ಹೆಚ್ಚಿನವರು ಹಾಗೆಯೇ ತಿಳಿದಿರುತ್ತಾರೆ.

ಈ ವರ್ಷ ಸಿಂಗಪುರದ ಬುಕಿತ್ ಬಾಟೋಕ್‌ನ ನಮ್ಮ ಫ್ಲ್ಯಾಟಿನ ಕಿಟಕಿಯಿಂದ ಮತ್ತೆ ಆ ಸುಟ್ಟ ವಾಸನೆ ಬಂತು. ಪಕ್ಕದ ದೇಶದಲ್ಲಿ ಕಾಡು ಸುಡುವಾಗ ಗಾಳಿ ಈ ಕಡೆ ತಿರುಗಿದರೆ ಬರುವ ವಾಸನೆ ಅದು. ಹಸಿ ಮಣ್ಣೂ ಹಳೇ ಎಲೆಯೂ ಕೂಡಿ ಸೀದಂತೆ ಇರುತ್ತದೆ. ಹೆಂಡತಿ ಸುಮತಿ ಎದ್ದು ಕಿಟಕಿ ಮುಚ್ಚಿದಳು. ನಾನು ಹಿಡಿದಿದ್ದ ಕಾಫಿ ಲೋಟ ಹಾಗೆಯೇ ಉಳಿಯಿತು. ಇಬ್ಬರೂ ನೆನೆದದ್ದು ತೊಂಬತ್ತೇಳರ ಆ ಹೊಗೆಯ ತಿಂಗಳುಗಳನ್ನೇ ಎಂದು ನನಗೆ ಗೊತ್ತು.

ನಾನು ಕಟಪಾಡಿಯವನು. ಬಡಗಿ ಕೆಲಸ ಕಲಿತು ಈ ಊರಿಗೆ ಬಂದವನು. ಮೊದಲು ಪಾಸಿರ್ ಪಂಜಾಂಗ್‌ನಲ್ಲಿ ಹಡಗಿಗೆ ಹೋಗುವ ಯಂತ್ರಗಳಿಗೆ ಮರದ ಪೆಟ್ಟಿಗೆ ಬಡಿಯುತ್ತಿದ್ದೆ. ಒಂದು ದಿನ ಪೆಟ್ಟಿಗೆ ಮಾಡಿಸಲು ಬಂದದ್ದು ಯಂತ್ರವಲ್ಲ, ಒಂದು ಚಿತ್ರ. ಅದರ ಚೌಕಟ್ಟಿನ ಬಿಲ್ ಹಿಂಭಾಗಕ್ಕೆ ಅಂಟಿಸಿತ್ತು. ನಾನು ಒಂದು ವಾರ ಬಡಿದರೂ ಬಾರದಷ್ಟು ಹಣ ಆ ನಾಲ್ಕು ಕಡ್ಡಿಗೆ! ಪೆಟ್ಟಿಗೆಯಲ್ಲಿ ಮೂಲೆ ತಪ್ಪಿದರೆ ಮೊಳೆ ಹೊಡೆದು ಮುಚ್ಚಬಹುದು, ಚೌಕಟ್ಟಿನಲ್ಲಿ ಆಗುವುದಿಲ್ಲ, ಅಷ್ಟೇ ವ್ಯತ್ಯಾಸ. ಎರಡು ವರ್ಷದೊಳಗೆ ಬುಕಿತ್ ಬಾಟೋಕ್‌ನ ಕಾರ್ಖಾನೆ ಬ್ಲಾಕಿನಲ್ಲಿ ಒಂದು ಯೂನಿಟ್ ಬಾಡಿಗೆಗೆ ಹಿಡಿದೆ. ಮರ ಕೊಯ್ಯಲು ಅಂಕಲ್ ಲಿಮ್, ನನಗಿಂತ ಹದಿನೈದು ವರ್ಷ ದೊಡ್ಡವರು. ರಟ್ಟು ಕತ್ತರಿಸಿ ಗಾಜು ಒರೆಸಲು ಸುಮತಿ. ಬೆಲೆ ಮಾತಾಡಲು ನಾನು.

ಪೆಟ್ಟಿಗೆಯಲ್ಲಿ ಹೋದ ಆ ಚಿತ್ರ ಬರೆದವರೇ ಎತಿಯೆನ್. ಪಾಸಿರ್ ಪಂಜಾಂಗ್‌ನ ಗುಡ್ಡದ ಮೇಲೆ ಹಳೇ ಕಾಲದ ಮನೆಯೊಂದರಲ್ಲಿ ಒಬ್ಬರೇ ಇದ್ದರು. ಅವರ ಜಗಲಿಯಿಂದ ನೋಡಿದರೆ ಇಡೀ ಕಂಟೈನರ್ ಬಂದರು ಕೆಳಗೆ ಹಾಸಿದಂತೆ ಕಾಣುತ್ತಿತ್ತು. ತೊಂಬತ್ತರಿಂದ ಅವರು ಬರೆದ ಪ್ರತಿಯೊಂದು ಚಿತ್ರವೂ ನನ್ನ ಮೇಜಿನ ಮೇಲೆ ಮಲಗಿಯೇ ಹೊರಗೆ ಹೋದದ್ದು. ಹಾಗಾಗಿ ಅವರ ಏಳು ವರ್ಷದ ಕೆಲಸ ಹೇಗೆ ಬದಲಾಯಿತು ಎಂದು ನನಗಿಂತ ಹತ್ತಿರದಿಂದ ನೋಡಿದವರು ಇಲ್ಲ. ನೋಡಿದೆ, ಆದರೆ ಕಂಡಿರಲಿಲ್ಲ, ಅದು ಬೇರೆ ಮಾತು.

ಶುರುವಿನಲ್ಲಿ ಅವರದ್ದು ಮಾರುಕಟ್ಟೆಯ ಚಿತ್ರಗಳು. ರಂಬೂಟಾನಿನ ಕೆಂಪು, ಪಪ್ಪಾಯಿಯ ಕೇಸರಿ, ಮೀನಿನ ಬೆನ್ನಿನ ನೀಲಿ. ಒಂದು ಬೆರಳು ಇಡಲೂ ಜಾಗವಿಲ್ಲದಂತೆ ಬಣ್ಣ ತುಂಬುತ್ತಿದ್ದರು. ಹೋಟೆಲಿನವರು ಕೊಳ್ಳುತ್ತಿದ್ದರು. ಆಮೇಲೆ ಒಂದು ವರ್ಷ ಹಣ್ಣು, ಮೀನು, ಮನುಷ್ಯ ಎಲ್ಲ ಹೋಗಿ ಕಂಟೈನರ್‌ಗಳು ಬಂದವು. ಹಸಿರು ಚೌಕ, ಅದರ ಪಕ್ಕ ಕಿತ್ತಳೆ ಚೌಕ, ಮೇಲೆ ಇಟ್ಟಿಗೆ ಬಣ್ಣದ್ದು. ಅಷ್ಟೇ. ಅದು ಕಂಟೈನರ್ ಎಂದು ಹೇಳಲು ಒಂದು ಗೆರೆಯೂ ಇರಲಿಲ್ಲ, ಆದರೂ ಎದುರು ನಿಂತರೆ ಬಂದರಿನ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅವರಿಗೆ ಹೆಸರು ಬಂದದ್ದು ಇವುಗಳಿಂದ. ರಾಫೆಲ್ಸ್ ಪ್ಲೇಸ್‌ನ ಆಫೀಸಿನವರು ಗ್ಯಾಲರಿಗೆ ಫೋನ್ ಮಾಡಿ, ಸೋಫಾಕ್ಕೆ ಹೊಂದುವ ಕಂಟೈನರ್ ಉಂಟಾ ಎಂದು ಕೇಳುತ್ತಿದ್ದರು.

ನಾನು ಸುಮ್ಮನಿರುವವನಲ್ಲ. "ಎಲ್ಲ ಒಂದೇ ಅಳತೆಯಲ್ಲಿ ಬರೀರಿ ಮೊಸ್ಸಿಯೆ," ಎಂದೆ, ಸಾರ್ ಎನ್ನುವುದನ್ನು ಅವರದೇ ಭಾಷೆಯಲ್ಲಿ. "ಮರ ಒಟ್ಟಿಗೆ ತರಿಸ್ತೇನೆ, ಚೌಕಟ್ಟು ಕಾಲು ಭಾಗ ಅಗ್ಗ ಆಗ್ತದೆ."

ಅವರು ಜೋರಾಗಿ ನಕ್ಕರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು, ಅದಕ್ಕೇ ನಮಗೆ ಹೊಂದಿಕೆಯಾದದ್ದು. "ನೀನು ನನ್ನ ಮಂತ್ರಿ," ಎಂದರು. ಮುಂದಿನ ತಿಂಗಳು ನಿಜವಾಗಿಯೂ ಒಂದೇ ಅಳತೆಯ ಹತ್ತು ಬಂದವು. ಮೊದಲು ಕೇಳಿದವನಿಗೇ ಮಾರಬೇಡಿ, ಎರಡನೆಯವನು ಬರುವವರೆಗೆ ಕಾಯಿರಿ ಎಂದು ಕಲಿಸಿದವನೂ ನಾನೇ. ನನ್ನ ಮಾತು ನಡೆಯುತ್ತಿತ್ತು ಎನ್ನುವುದಕ್ಕೆ ಇದನ್ನು ಹೇಳಿದೆ. ಮುಂದೆ ಆದದ್ದಕ್ಕೆ ಬೇರು ಇಲ್ಲೇ ಇದೆ.

ತೊಂಬತ್ತೇಳರ ಸೆಪ್ಟೆಂಬರಿನಲ್ಲಿ ಹೊಗೆ ಇಳಿಯಿತು. ಹಿಂದೆಯೂ ಬಂದದ್ದುಂಟು, ಎರಡು ದಿನ ಇದ್ದು ಹೋಗುತ್ತಿತ್ತು. ಈ ಸಲ ಹೋಗಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೂ ಎದುರಿನ ಬ್ಲಾಕ್ ಕಾಣುತ್ತಿರಲಿಲ್ಲ. ಸೂರ್ಯ ತಾಮ್ರದ ಬಿಲ್ಲೆಯಂತಾಗಿ, ಕಣ್ಣು ಕಿರಿದಾಗಿಸದೆ ನೋಡಬಹುದಿತ್ತು. ಎಂಆರ್‌ಟಿ ರೈಲಿನಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್. ಒಣಗಲು ಹಾಕಿದ ಬಟ್ಟೆ ಹೊಗೆ ನಾರುತ್ತಿತ್ತು. ನಮ್ಮ ವಾರ್ನಿಶ್ ಮೇಲೆ ಧೂಳು ಕೂರುತ್ತದೆ ಎಂದು ಅಂಕಲ್ ಲಿಮ್ ದಿನಕ್ಕೆ ನಾಲ್ಕು ಸಲ ಬೈಯುತ್ತಿದ್ದರು. ಅದೇ ಸಮಯಕ್ಕೆ ಈ ಕಡೆಯ ದೇಶಗಳ ಹಣವೆಲ್ಲ ಕುಸಿಯತೊಡಗಿತು. ಆಫೀಸುಗಳು ಚಿತ್ರದ ಆರ್ಡರ್ ಕ್ಯಾನ್ಸಲ್ ಮಾಡಿದವು. ನನಗೆ ಕೆಲಸ ಕೊಡುತ್ತಿದ್ದ ನಾಲ್ಕು ಗ್ಯಾಲರಿಗಳಲ್ಲಿ ಎರಡು ಬಾಗಿಲು ಹಾಕಿದವು. ಉಳಿದದ್ದರಲ್ಲಿ ದೊಡ್ಡದು ಮಿಸೆಸ್ ಕೋ ಅವರದ್ದು. ಎತಿಯೆನ್ ಚಿತ್ರಗಳನ್ನು ಮಾರುತ್ತಿದ್ದವರೂ ಅವರೇ.

ಅಕ್ಟೋಬರ್ ನಡುವಿನಲ್ಲಿ ಎತಿಯೆನ್ ಟ್ಯಾಕ್ಸಿಯಲ್ಲಿ ಬಂದರು, ತೋಳಿನಡಿ ಕ್ಯಾನ್ವಾಸಿನ ಒಂದು ದಪ್ಪ ಸುರುಳಿ. ಮೆಟ್ಟಿಲು ಹತ್ತಿ ಕೆಮ್ಮು ನಿಲ್ಲಿಸಿಕೊಳ್ಳಲು ಐದು ನಿಮಿಷ ಬೇಕಾಯಿತು. ಡಾಕ್ಟರು ಮನೆ ಬಿಟ್ಟು ಹೊರಗೆ ಬರಬೇಡಿ ಎಂದಿದ್ದರಂತೆ. ಇವರು ಅದರ ಬದಲು ಜಗಲಿಯಲ್ಲೇ ಆರು ವಾರ ಕೂತು ಬರೆದಿದ್ದರು.

"ಏಳು ಇವೆ," ಎಂದರು. "ಮುಂದಿನ ತಿಂಗಳು ನಮ್ಮೂರಿನ ಮ್ಯೂಸಿಯಂನಿಂದ ಒಬ್ಬರು ಬರ್ತಾರೆ. ಒಂದೇ ದಿನ. ಅಲ್ಲಿ ಮೂವತ್ತು ವರ್ಷದಿಂದ ನನ್ನನ್ನ ಬಿಸಿಲು ದೇಶದ ಪೋಸ್ಟ್‌ಕಾರ್ಡ್ ಬರಿಯೋನು ಅಂತಾರೆ. ಇವನ್ನ ನೋಡಿದ ಮೇಲೆ ಹಾಗೆ ಅನ್ನಲಿಕ್ಕಿಲ್ಲ."

"ಫ್ರೇಮ್ ಮೊದಲಿನ ಹಾಗೆಯೇ ಅಲ್ವಾ?" ಎಂದೆ.

"ಮೊದಲಿನ ಹಾಗೆಯೇ," ಎಂದು ಕೈ ಬೀಸಿ ಹೋದರು.

ಇಲ್ಲಿ ಕೆಲಸದ ಒಂದು ಪದ್ಧತಿ ಹೇಳಬೇಕು. ಕ್ಯಾನ್ವಾಸು ಒಂದು ಮರದ ಒಳಚೌಕದ ಮೇಲೆ ಬಿಗಿದು ಕೂರಬೇಕು. ಅದಕ್ಕೆಂದು ಚಿತ್ರಕಾರರು ಸುತ್ತಲೂ ನಾಲ್ಕು ಬೆರಳು ಬಣ್ಣ ಹಚ್ಚದೆ ಬಿಡುತ್ತಾರೆ. ನಾವು ಆ ಖಾಲಿ ಅಂಚನ್ನು ಹಿಂದಕ್ಕೆ ಮಡಿಸಿ ಬಿಗಿಯುತ್ತೇವೆ, ಹೆಚ್ಚಾದದ್ದನ್ನು ಕತ್ತರಿಸುತ್ತೇವೆ. ಏಳು ವರ್ಷ ಎತಿಯೆನ್‌ಗೆ ಹೀಗೆಯೇ ಮಾಡಿದ್ದೆ. ಬಣ್ಣದ ಅಂಚೇ ನನಗೆ ಅಳತೆಪಟ್ಟಿ.

ಸುರುಳಿ ಬಿಡಿಸಿದಾಗ ನಾನು ದಂಗಾದೆ. ನಾಲ್ಕಡಿ ಅಗಲ ಐದಡಿ ಉದ್ದದ ಕ್ಯಾನ್ವಾಸು, ಬಣ್ಣ ಇದ್ದದ್ದು ಅದರ ಅರ್ಧಕ್ಕೂ ಕಡಿಮೆ ಜಾಗದಲ್ಲಿ. ಒಂದು ಕಿತ್ತಳೆ ತುಂಡು, ಅದರ ಅಂಚಿಗೆ ತೆಳು ನೀಲಿ, ಒಂದರಲ್ಲಿ ಬರೀ ಒಂದು ಕೆಂಪು. ಮಿಕ್ಕದ್ದೆಲ್ಲ ಖಾಲಿ ಬಟ್ಟೆ. ಪಾಪ, ಉಸಿರು ಸಾಲದೆ ಅರ್ಧಕ್ಕೇ ಬಿಟ್ಟಿದ್ದಾರೆ, ಹೇಳಲು ನಾಚಿಕೆಪಟ್ಟಿದ್ದಾರೆ ಎಂದುಕೊಂಡೆ. ಬಣ್ಣ ಇದ್ದಷ್ಟನ್ನೇ ಚೊಕ್ಕ ಮಾಡಿ ಕೂರಿಸಿದರೆ ನೋಡಲೂ ಚೆಂದ, ಮರವೂ ಉಳಿಯುತ್ತದೆ, ಬಿಲ್ಲಿನಲ್ಲಿ ಅವರಿಗೇ ಅರ್ಧ ಬಿಟ್ಟುಕೊಡಬಹುದು. ಮೋಸದ ಯೋಚನೆ ಒಂದು ಚೂರೂ ಇರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ಬ್ಲೇಡು ತೆಗೆದೆ.

ನಾಲ್ಕು ಮುಗಿದಿದ್ದವು. ಐದನೆಯದನ್ನು ಹಾಸುವಾಗ ಅಂಕಲ್ ಲಿಮ್ ಗರಗಸ ನಿಲ್ಲಿಸಿ ಬಂದರು.

"ಬಾಸ್, ಇಷ್ಟೊಂದು ಕಟ್ ಮಾಡ್ತೀಯಾ? ಶೂರ್ ಆ? ಫೋನ್ ಮಾಡಿ ಕೇಳು ಲಾ."

"ಏಳು ವರ್ಷದಿಂದ ಗೊತ್ತು ಅಂಕಲ್ ಆ ಮನುಷ್ಯ. ಮಲಗಿರ್ತಾರೆ, ಯಾಕೆ ಡಿಸ್ಟರ್ಬ್ ಮಾಡೋದು?"

"ಡಿಸ್ಟರ್ಬ್ ಈಗ ಮಾಡು, ಆಮೇಲೆ ಮಾಡಿದ್ರೆ ಜಾಸ್ತಿ ಡಿಸ್ಟರ್ಬ್," ಎಂದು ಗೊಣಗುತ್ತ, ನೆಲದ ಮೇಲಿನ ಒಂದು ಬಿಳಿ ಪಟ್ಟಿ ಎತ್ತಿ ಬೆಳಕಿಗೆ ಹಿಡಿದರು. ಸುಮತಿಯನ್ನು ಕರೆದರು.

ಅವಳು ಆ ಪಟ್ಟಿಯ ಮೇಲೆ ಬೆರಳಾಡಿಸಿದಳು. ಗಾಜು ಒರೆಸಿ ಒರೆಸಿ ಅವಳ ಬೆರಳಿಗೆ ನನ್ನ ಕಣ್ಣಿಗಿಂತ ಹೆಚ್ಚು ಗೊತ್ತಾಗುತ್ತದೆ. "ಇದು ಖಾಲಿ ಅಲ್ಲ ಮಾರಾಯ್ರೆ," ಎಂದಳು. "ಇದಕ್ಕೆ ಬಿಳಿ ಹಚ್ಚಿದ್ದಾರೆ. ನಾಲ್ಕೈದು ಸಲ ಹಚ್ಚಿದ್ದಾರೆ. ಇಲ್ಲಿ ನೋಡಿ, ಬೂದಿ ಬಣ್ಣ ಉಂಟು. ಇಲ್ಲಿ ಸ್ವಲ್ಪ ಹಳದಿ. ನೀವು ಎಂತ ಮಾಡಿದ್ದು? ಸೆರಗು ಕತ್ತರಿಸಿ ಬಿಸಾಡಿ, ಒಳಗಿನ ಒಂದು ಬುಟ್ಟಾ ಹಿಡ್ಕೊಂಡು ಇದೇ ಸೀರೆ ಅಂದ ಹಾಗೆ ಆಯ್ತಲ್ಲ!"

ಟ್ಯೂಬ್‌ಲೈಟಿನಡಿ ಬಿಳಿಯೆಲ್ಲ ಒಂದೇ ಆಗಿ ಕಂಡಿತ್ತು. ಬಾಗಿಲ ಹತ್ತಿರ ತಂದು ನೋಡಿದರೆ ಅದು ಹೊರಗಿನ ಹೊಗೆಯೇ.

ಆಗ ಫೋನ್ ಮಾಡಿದೆ. ಒಂದು ಗಂಟೆಯಲ್ಲಿ ಎತಿಯೆನ್ ಬಂದರು. ಚೌಕದಲ್ಲಿ ಬಿಗಿದು ನಿಲ್ಲಿಸಿದ್ದ ನಾಲ್ಕನ್ನೂ ಒಂದೊಂದಾಗಿ ನೋಡಿದರು. ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕೂತು ಮಾಸ್ಕ್ ಕೆಳಗಿಳಿಸಿದರು.

"ನಷ್ಟ ನಾನು ಕೊಡ್ತೇನೆ," ಎಂದೆ. ನನಗೆ ಬಂದ ಮೊದಲ ಮಾತು ಅದೇ. "ನೀವೇ ರೇಟ್ ಹೇಳಿ."

"ಭಾನುವಾರ ಮನೆಗೆ ಬಾ," ಎಂದರು. "ದುಡ್ಡು ತರಬೇಡ."

ಭಾನುವಾರ ಹೋದೆ. ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿ ಇದ್ದವು. ಕೂರು ಎಂದರು, ಕೂತೆ. ಎದುರಿಗೆ ಏನೂ ಇರಲಿಲ್ಲ. ಬಂದರು, ಸಮುದ್ರ, ಕ್ರೇನುಗಳು, ಆಕಾಶ ಎಲ್ಲ ಒಂದೇ ಬಿಳಿಯೊಳಗೆ ಹೋಗಿದ್ದವು. ಕೆಳಗಿನಿಂದ ಕಬ್ಬಿಣದ ಸದ್ದು, ಲಾರಿ ಹಿಂದೆ ತೆಗೆಯುವಾಗಿನ ಪೀಂಪೀಂ ಮಾತ್ರ. ಅರ್ಧ ಗಂಟೆ ಕೂತಿರಬೇಕು. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ, ಕಾಲು ಅಲುಗಿಸುತ್ತಿದ್ದೆ. ಆಗ ಆ ಬಿಳಿಯ ನಡುವೆ ಒಂದು ಕಿತ್ತಳೆ ಚೌಕ ಮೇಲೆದ್ದಿತು. ಕ್ರೇನು ಕಾಣುತ್ತಿರಲಿಲ್ಲ, ಹಗ್ಗವೂ ಕಾಣುತ್ತಿರಲಿಲ್ಲ. ಹತ್ತಿರವೋ ದೂರವೋ, ಚಿಕ್ಕದೋ ದೊಡ್ಡದೋ ತಿಳಿಯುವಂತಿರಲಿಲ್ಲ. ತಾನೇ ತಾನಾಗಿ ಎದ್ದು, ಒಂದು ಗಳಿಗೆ ನಿಂತು, ಅಂಚಿನಿಂದ ಕರಗುತ್ತ ಹೋಗಿ ಇಲ್ಲವಾಯಿತು. ನನ್ನ ಕಾಲು ನಿಂತಿತ್ತು.

"ಈಗ ಅದರ ಸುತ್ತಲಿನ ಬಿಳಿ ತೆಗಿ," ಎಂದರು ಎತಿಯೆನ್. "ಏನು ಉಳೀತು?"

"ಕಂಟೈನರ್."

"ಅದನ್ನ ನಾನು ಐದು ವರ್ಷದ ಹಿಂದೇನೇ ಬರೆದು ಮುಗಿಸಿದ್ದೆ."

ಪಟ್ಟಿಗಳನ್ನೆಲ್ಲ ಇಟ್ಟಿದ್ದೇನೆ, ನಾನು ಚಿಂದಿಯನ್ನೂ ಬಿಸಾಡುವವನಲ್ಲ, ಹಿಂದಿನಿಂದ ಬಟ್ಟೆ ಅಂಟಿಸಿ ಜೋಡಿಸಿಕೊಡುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಜೋಡಿಸಿದ ಗೆರೆ ಕಾಣುತ್ತದೆ, ಬಂದವರು ಗೆರೆಯನ್ನೇ ನೋಡುತ್ತಾರೆ ಎಂದರು.

"ಹಾಗಾದ್ರೆ ಇನ್ನೊಮ್ಮೆ ಬರೀರಿ. ಬಟ್ಟೆ, ಬಣ್ಣ ಎಲ್ಲ ನನ್ನದು."

ಬರೆಯುತ್ತೇನೆ ಎಂದರು. ಮರುದಿನವೇ ಕ್ಯಾನ್ವಾಸು ಕಳಿಸಿಕೊಟ್ಟೆ. ಅವರು ಒಂದನ್ನು ಗೋಡೆಗೆ ಬಡಿದು ಬಿಳಿಯ ಮೊದಲ ಪದರ ಹಚ್ಚಿದ್ದರಂತೆ. ಆ ವಾರದ ಕೊನೆಗೆ ಗಾಳಿ ತಿರುಗಿತು, ಮಳೆ ಬಂತು. ಊರಿಗೆ ಊರೇ ಖುಷಿಪಟ್ಟಿತು. ನಮ್ಮ ಬ್ಲಾಕಿನ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್ಕಿನಲ್ಲಿ ಜನ ಮಾಸ್ಕ್ ತೆಗೆದು ಮಳೆಯ ವಾಸನೆ ಮೂಸುತ್ತ ನಿಂತಿದ್ದರು. ನಾನು ಪಾಸಿರ್ ಪಂಜಾಂಗ್‌ಗೆ ಓಡಿದೆ. ಜಗಲಿಯಿಂದ ಬಂದರು ತೊಳೆದಿಟ್ಟಂತೆ ಕಾಣುತ್ತಿತ್ತು. ಒಂದೊಂದು ಕಂಟೈನರ್ ಮೇಲಿನ ಅಕ್ಷರವನ್ನೂ ಓದಬಹುದಿತ್ತು.

"ನೆನಪಿನಿಂದ ಬರೀಲಿಕ್ಕೆ ಆಗೋದಿಲ್ವಾ?" ಎಂದು ಕೇಳಿದೆ.

"ಇಡೀ ಜೀವನ ಬಣ್ಣಾನ ನೆನಪಿನಿಂದ ಬರೆದೆ," ಎಂದರು. "ಈ ಸಲ ಮಾತ್ರ ಕಣ್ಣಿನಿಂದ."

ನವೆಂಬರಿನಲ್ಲಿ ಮ್ಯೂಸಿಯಂನ ಹೆಂಗಸು ಬಂದರು. ಮಿಸೆಸ್ ಕೋ ಗ್ಯಾಲರಿಯಲ್ಲಿ ಉಳಿದ ಮೂರು ಚಿತ್ರಗಳನ್ನು ಪೂರ್ತಿ ಅಳತೆಯಲ್ಲಿ ನಾನೇ ತೂಗುಹಾಕಿದ್ದೆ. ಕತ್ತರಿಸಿದ ನಾಲ್ಕು ಹಿಂದಿನ ಕೋಣೆಯಲ್ಲಿದ್ದವು. ಎತಿಯೆನ್ ಹೇಳಿಯೇ ಕತ್ತರಿಸಿದ್ದು ಎಂದು ಮಿಸೆಸ್ ಕೋ ತಿಳಿದಿದ್ದರು. ಯಾರೂ ಬೇರೆ ಹೇಳಿರಲಿಲ್ಲ.

ಬಂದವರು ಸಣ್ಣ ಆಳು, ಬೆಳ್ಳಿ ಕೂದಲು, ಸಪಾಟು ಚಪ್ಪಲಿ. ಮೊದಲ ಚಿತ್ರದ ಎದುರು ನಿಂತವರು ತುಂಬ ಹೊತ್ತು ಕದಲಲಿಲ್ಲ. ಹಿಂದೆ ಹೋದರು, ಮತ್ತೆ ಹತ್ತಿರ ಬಂದರು. ಎರಡನೆಯದಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಮೂರನೆಯದು ಮುಗಿದ ಮೇಲೆ ಎತಿಯೆನ್ ಹತ್ತಿರ ಫ್ರೆಂಚಿನಲ್ಲಿ ಏನೋ ಹೇಳಿದರು. ಏನು ಎಂದು ನನಗೆ ತಿಳಿಯಲಿಲ್ಲ, ಆದರೆ ಎತಿಯೆನ್ ಮುಖದಲ್ಲಿ ಅಂಥ ಬೆಳಕನ್ನು ಏಳು ವರ್ಷದಲ್ಲಿ ನಾನು ಕಂಡಿರಲಿಲ್ಲ. ಆಮೇಲೆ ಆ ಹೆಂಗಸು ಮಿಸೆಸ್ ಕೋ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: "ಇನ್ನು ಎಷ್ಟಿವೆ? ಇವಕ್ಕೆ ಒಂದು ಕೋಣೆಯೇ ಬೇಕು. ಆರಾದರೂ ಇದ್ದರೆ ಕೋಣೆ ಕೊಡಿಸಬಲ್ಲೆ. ಮೂರಕ್ಕೆ ಕೊಡುವುದಿಲ್ಲ."

ಮಿಸೆಸ್ ಕೋ ಎತಿಯೆನ್ ಕಡೆ ನೋಡಿದರು.

"ಮೂರೇ," ಎಂದರು ಎತಿಯೆನ್.

ಅವರು ನನ್ನ ಕಡೆ ನೋಡಲಿಲ್ಲ. ನೋಡಬಾರದು ಎಂದೇ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಗೋಡೆಗೆ ಒತ್ತಿ ನಿಂತಿದ್ದೆ. ಹಿಂದಿನ ಕೋಣೆಯ ಬಾಗಿಲು ನನ್ನಿಂದ ನಾಲ್ಕು ಹೆಜ್ಜೆ. ಇನ್ನೂ ನಾಲ್ಕಿವೆ ಅಮ್ಮಾ, ಕತ್ತರಿಸಿದವನು ನಾನು, ತಪ್ಪು ಅವರದ್ದಲ್ಲ, ತುಂಡುಗಳೆಲ್ಲ ನನ್ನ ಅಂಗಡಿಯಲ್ಲಿವೆ. ಇಷ್ಟು ಹೇಳಲು ಎಷ್ಟು ಇಂಗ್ಲಿಷ್ ಬೇಕು? ಮಾತಿನಿಂದಲೇ ಹೊಟ್ಟೆ ಹೊರೆದವನು ನಾನು. ಆದರೆ ಪಕ್ಕದಲ್ಲಿ ಮಿಸೆಸ್ ಕೋ ಇದ್ದರು. ಕೈಯಲ್ಲಿ ಉಳಿದಿದ್ದ ಎರಡು ಗಿರಾಕಿಗಳಲ್ಲಿ ದೊಡ್ಡ ಗಿರಾಕಿ. ಚಿತ್ರ ಕತ್ತರಿಸುವ ಫ್ರೇಮಿನವನು ಎಂದು ಒಮ್ಮೆ ಹೆಸರು ಬಂದರೆ ಆ ವರ್ಷ ಅಂಗಡಿ ಉಳಿಯುತ್ತಿರಲಿಲ್ಲ. ಮನಸ್ಸಿನಲ್ಲೇ ಬೆಲೆ ಕಟ್ಟಿದೆ. ಕಟ್ಟಿ ಮುಗಿಯುವಷ್ಟರಲ್ಲಿ ಮ್ಯೂಸಿಯಂನವರು ಕೈ ಕುಲುಕಿ, ಟ್ಯಾಕ್ಸಿ ಹತ್ತಿ ಆಗಿತ್ತು.

ಮನೆಗೆ ಬಂದಾಗ ಸುಮತಿ ಕೇಳಿದಳು, "ಹೇಳಿದ್ರಾ?"

"ಅವರೇ ಬಾಯಿ ಬಿಡ್ಲಿಲ್ಲ. ನಾನೆಂತ ಹೇಳೋದು?"

"ಅವರು ಬಾಯಿ ಬಿಡದೇ ಇದ್ದದ್ದು ಯಾರಿಗೋಸ್ಕರ?" ಎಂದಳು.

ಮುಂದಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಕತ್ತರಿಸಿದ ನಾಲ್ಕನ್ನೂ ರಾಫೆಲ್ಸ್ ಪ್ಲೇಸ್‌ನ ಒಂದು ಆಫೀಸು ಒಟ್ಟಿಗೆ ಕೊಂಡಿತು. ಚೊಕ್ಕವಾಗಿವೆ, ಬಣ್ಣ ತುಂಬಿದೆ ಎಂದರಂತೆ. ಸಹಿ ಬೇಕು ಎಂದಾಗ ಎತಿಯೆನ್ ಬಂದು, ಆಸ್ಪತ್ರೆಯ ಫಾರಮ್ಮಿಗೆ ಹಾಕುವಂತೆ ನಾಲ್ಕು ಸಹಿ ಹಾಕಿದರು. ಜನವರಿಯಲ್ಲಿ ಒಂದು ಹೋಟೆಲಿಗೆ ದೊಡ್ಡ ಕಂಟೈನರ್ ಚಿತ್ರ ಬರೆದುಕೊಟ್ಟರು. ಹಸಿರು, ಕಿತ್ತಳೆ, ಇಟ್ಟಿಗೆ ಬಣ್ಣ, ಅಂಚಿನವರೆಗೂ ತುಂಬಿ. ನಾನೇ ಚೌಕಟ್ಟು ಹಾಕಿದೆ. "ಈ ಸಲ ನಿನಗೆ ಅನುಮಾನ ಬರಲ್ಲ," ಎಂದು ನಕ್ಕರು. ಆ ನಗುವಿನಲ್ಲಿ ನಂಜು ಇರಲಿಲ್ಲ, ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮನೆ ಖಾಲಿ ಮಾಡಿ ಫ್ರಾನ್ಸಿಗೆ ಹೋದರು. ಎರಡು ವರ್ಷದ ಮೇಲೆ ತೀರಿಕೊಂಡರೆಂದು ಮಿಸೆಸ್ ಕೋ ಹೇಳಿದರು. ಅಲ್ಲಿ ಹೋಗಿ ಏನು ಬರೆದರು ಎಂದು ಕೇಳಿದೆ. ಏನೂ ಬರೆಯಲಿಲ್ಲವಂತೆ.

ಇನ್ನೂ ಕೆಲವು ವರ್ಷ ಕಳೆದ ಮೇಲೆ, ಮ್ಯೂಸಿಯಂ ಕೆಲಸಕ್ಕೆ ಪೆಟ್ಟಿಗೆ ಮಾಡಿಕೊಡುವಾಗ, ಹರಿದ ಕ್ಯಾನ್ವಾಸು ಜೋಡಿಸುವ ಒಬ್ಬರ ಪರಿಚಯವಾಯಿತು. ಭೂತಗನ್ನಡಿ ಇಟ್ಟುಕೊಂಡು ನೂಲಿಗೆ ನೂಲು ಸೇರಿಸುತ್ತಾರೆ. ಯಾರದ್ದೋ ಕಥೆ ಎಂಬಂತೆ ನನ್ನದನ್ನು ಹೇಳಿದೆ. "ತುಂಡುಗಳು ಇದ್ದವಾ? ಇದ್ದರೆ ಕಷ್ಟವೇ ಇಲ್ಲ," ಎಂದರು ಅವರು. "ಎರಡು ತಿಂಗಳ ಕೆಲಸ. ಯಾಕೆ, ಯಾರೂ ಕೇಳಲಿಲ್ವಾ?"

ಈಗ ನಿಮಗೆ ನಾಲ್ಕು ಮಾತು. ನೀವು ಚೌಕಟ್ಟು ಹಾಕುವವರಲ್ಲದಿರಬಹುದು, ದರ್ಜಿಯೋ ಡಾಕ್ಟರೋ ಪುಸ್ತಕ ತಿದ್ದುವವರೋ ಇರಬಹುದು. ಇನ್ನೊಬ್ಬರ ಕೆಲಸ ಕೈಗೆ ಬಂದಾಗ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಟ್ಯೂಬ್‌ಲೈಟ್ ನಂಬಬೇಡಿ. ಎಲ್ಲಿಂದ ಎಲ್ಲಿಯವರೆಗೆ ಎಂದು ಅವರ ಕೈಯಲ್ಲೇ ಪೆನ್ಸಿಲಿನಿಂದ ಹಿಂಬದಿಗೆ ಗುರುತು ಹಾಕಿಸಿಕೊಳ್ಳಿ. ಎಷ್ಟು ಹಳೇ ಪರಿಚಯವೋ ಅಷ್ಟು ಹೆಚ್ಚು ಕೇಳಿ, ಹೊಸಬರ ಹತ್ತಿರ ನಾವು ಹೇಗೂ ಕೇಳುತ್ತೇವೆ. ಮಡಿಸಿ ಕೆಲಸ ಆಗುವಲ್ಲಿ ಕತ್ತರಿಸಲು ಹೋಗಬೇಡಿ. ಇಷ್ಟಾದರೂ ಕೈ ತಪ್ಪಿತು ಅನ್ನಿ, ತಪ್ಪುತ್ತದೆ. ಆಗ ಪರಿಹಾರ ಇಲ್ಲ ಎಂದು ನೀವೇ ತೀರ್ಮಾನ ಮಾಡಬೇಡಿ, ನೊಂದವರಿಗೂ ಆ ತೀರ್ಮಾನ ಬಿಡಬೇಡಿ. ಪರಿಹಾರ ಗೊತ್ತಿರಬಹುದಾದ ಒಬ್ಬರು ಆ ಕೋಣೆಯಲ್ಲಿ ಇರುವಾಗಲೇ, ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ನೋಡದೆ, ಇದು ನಾನು ಮಾಡಿದ್ದು ಎಂದು ಹೇಳಿಬಿಡಿ. ಇಂಗ್ಲಿಷ್ ಸರಿ ಬಾರದಿದ್ದರೂ ಪರವಾಗಿಲ್ಲ.